ಕೆಂಚಿ ಮತ್ತು ಒಣ ನೆಲ

ಹಿತ್ತಲಿನ ತಂತಿಯ ಮೇಲೆ ಒಂದು ಹಳೆಯ ಬಟ್ಟೆ ಒಣಗುತ್ತಿದೆ. ಅದರ ಒಂದು ಅಂಚಿನಲ್ಲಿ ಹಸಿರು ಗೆರೆಯ ಗುರುತು ಇನ್ನೂ ಉಳಿದಿದೆ. ಅದು ನನ್ನ ಮದುವೆಯ ಪಂಚೆಯ ತುಂಡು ಎಂದು ನಾನು ಹೇಳುತ್ತೇನೆ. ಅಲ್ಲ, ಹಿಂದಿನ ಬಾಡಿಗೆ ಮನೆಯ ಕಿಟಕಿ ಪರದೆ, ಮದುವೆ ಪಂಚೆ ಬೀರುವಿನಲ್ಲಿ ಮಡಿಸಿಟ್ಟ ಹಾಗೇ ಇದೆ ಎಂದು ನನ್ನ ಹೆಂಡತಿ ಮಂಗಳ ಹೇಳುತ್ತಾಳೆ. ಬೀರು ತೆಗೆದು ನೋಡಿದರೆ ಒಂದು ನಿಮಿಷದಲ್ಲಿ ತೀರ್ಮಾನವಾಗುವ ವಿಷಯ. ನಾನು ತೆಗೆದಿಲ್ಲ. ತಿಂಗಳುಗಟ್ಟಲೆ ನಮ್ಮ ಹಜಾರದ ನೆಲ ಒರೆಸಿದ ಬಟ್ಟೆ ಅದು. ಅಷ್ಟು ದುಡಿದದ್ದು ಬರೀ ಒಂದು ಪರದೆ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ.

ಮುಂದೆ ಹೇಳುವುದನ್ನೂ ನೀವು ಹೀಗೆಯೇ ಸ್ವಲ್ಪ ಅನುಮಾನ ಇಟ್ಟುಕೊಂಡು ಓದಬೇಕು. ನಡೆದು ಇನ್ನೂ ಒಂದು ವರ್ಷವಾಗಿಲ್ಲ, ಆಗಲೇ ನಮ್ಮ ಮನೆಯಲ್ಲಿ ಈ ಸಂಗತಿಗೆ ಮೂರು ಪಾಠಗಳಿವೆ: ನನ್ನದು, ಮಂಗಳನದು, ಅವ್ವನದು. ನಾಯಿ ಮನೆಯೊಳಗೆ ಉಚ್ಚೆ ಹೊಯ್ಯುತ್ತಿತ್ತು, ಆಮೇಲೆ ನಿಲ್ಲಿಸಿತು. ಮೂರು ಪಾಠಗಳಲ್ಲೂ ಇಷ್ಟು ಮಾತ್ರ ಒಂದೇ.

ನಾಯಿಯ ಹೆಸರು ಕೆಂಚಿ. ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣದ ಕಡೆ ಹೋದರೆ ನನ್ನ ಅಣ್ಣನ ತೆಂಗಿನ ತೋಟ ಸಿಗುತ್ತದೆ. ಅಲ್ಲಿಯ ನಾಯಿ ಮೂರು ಮರಿ ಹಾಕಿತ್ತು. ಒಂದನ್ನು ಅಣ್ಣ ಜೀಪಿನಲ್ಲಿ ಹಾಕಿಕೊಂಡು ಹಾಸನಕ್ಕೆ ತಂದು, ನಮ್ಮ ಗೇಟಿನೊಳಗೆ ಬಿಟ್ಟು, "ಬೂವನಹಳ್ಳಿ ಕಡೆ ಬಡಾವಣೆ, ಕಳ್ಳಕಾಕರು ಜಾಸ್ತಿ, ಮಡಿಕ್ಕೊ" ಎಂದ. ನಮ್ಮ ಮನೆಯಲ್ಲಿ ಕದಿಯುವಂಥದ್ದು ನನ್ನ ಜೀವಶಾಸ್ತ್ರದ ನೋಟ್ಸು ಮಾತ್ರ. ಆದರೂ ಅಣ್ಣ ಕೊಟ್ಟದ್ದನ್ನು ಬೇಡ ಎನ್ನುವ ಅಭ್ಯಾಸ ನನಗಿಲ್ಲ. ಅವನು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಎರಡು ಪಟ್ಟು ಅಗಲ, ದನಿ ಮಾತ್ರ ಎಷ್ಟು ಪಟ್ಟು ಎಂದು ಅಳೆದವರಿಲ್ಲ. ಅವನು ತೋಟದ ಈ ತುದಿಯಲ್ಲಿ ನಿಂತು ಫೋನಿನಲ್ಲಿ ಮಾತಾಡಿದರೆ ಆ ತುದಿಯಲ್ಲಿ ಕಾಯಿ ಕೀಳುವವನು "ಆಯ್ತು ಸಾ" ಎನ್ನುತ್ತಾನೆ.

ಮರಿ ಚೆನ್ನಾಗಿಯೇ ಇತ್ತು. ಕೆಂಪು ಮೈ, ಒಂದು ಕಿವಿ ನಿಂತದ್ದು, ಒಂದು ಬಿದ್ದದ್ದು. ಒಂದೇ ತೊಂದರೆ. ಯಾರಾದರೂ ಮನೆಗೆ ಬಂದರೆ ಓಡಿ ಬರುತ್ತಿತ್ತು. ಬಂದವರು ಬಗ್ಗಿ ತಲೆ ಸವರಲು ಕೈ ಚಾಚಿದರೆ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ, ಬಾಲವನ್ನು ಕಾಲುಗಳ ನಡುವೆ ತುರುಕಿ, ಬಾಯಲ್ಲಿ ನಗುತ್ತಾ, ಹಿಂದಿನಿಂದ ಉಚ್ಚೆ ಬಿಡುತ್ತಿತ್ತು. ಬೈದರೆ ಹೊಟ್ಟೆ ಮೇಲಾಗಿ ಮಲಗಿ ಇನ್ನೊಂದಿಷ್ಟು ಬಿಡುತ್ತಿತ್ತು. ತಪ್ಪಿಗೆ ಕ್ಷಮೆ ಕೇಳುವ ಅದರ ರೀತಿಯೂ ಅದೇ ತಪ್ಪಾಗಿತ್ತು. ಹಾಗಾಗಿ ನಾವು ಬೈಯುವುದು, ಅದು ಕೇಳಿಕೊಳ್ಳುವುದು, ನಾವು ಮತ್ತೆ ಬೈಯುವುದು, ಹೀಗೆ ನೆಲ ಒಣಗುವ ಹೊತ್ತೇ ಸಿಗುತ್ತಿರಲಿಲ್ಲ.

ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಮೂತ್ರಪಿಂಡದ ಚಿತ್ರ ಬರೆದು ಬಣ್ಣದ ಸೀಮೆಸುಣ್ಣದಲ್ಲಿ ತುಂಬುವವನು ನಾನು. ಹುಡುಗರು ಆ ಚಿತ್ರವನ್ನು ಫೋನಿನಲ್ಲಿ ಹಿಡಿದುಕೊಳ್ಳುತ್ತಾರೆ. ಆದ್ದರಿಂದ ಮನೆಯಲ್ಲಿ ನಾನು ಗಂಭೀರವಾಗಿ, "ಇದು ಮೂತ್ರಕೋಶದ ಸ್ನಾಯುವಿನ ದೌರ್ಬಲ್ಯ" ಎಂದೆ. ಅವ್ವ, "ದವುರ್ಬಲ್ಯಾನೂ ಇಲ್ಲ, ಗಿವುರ್ಬಲ್ಯಾನೂ ಇಲ್ಲ. ಮೂತಿ ಇಡ್ದು ಅದ್ರಾಗೇ ಉಜ್ಜು, ಬುಡ್ತದೆ" ಎಂದಳು. ನಾನು ಹಾಗೆ ಮಾಡಿದೆನೋ ಇಲ್ಲವೋ? ನನ್ನ ನೆನಪಿನಲ್ಲಿ ಇಲ್ಲ. ಮಂಗಳನ ನೆನಪಿನಲ್ಲಿ ಎರಡು ಸಲ ಇದೆ. ಈ ಒಂದು ವಿಷಯದಲ್ಲಿ ಅವಳ ನೆನಪೇ ಸರಿ ಇರಬೇಕು, ಯಾಕೆಂದರೆ ನನಗೆ ಅದನ್ನು ಮರೆಯಲು ಕಾರಣವಿದೆ.

ಅಣ್ಣ ಕಾಯಿ ಮೂಟೆ ಇಳಿಸಿಹೋಗಲು ಬಂದ ದಿನ ಸಂಗತಿ ಬಿಗಡಾಯಿಸಿತು. ಗೇಟಿನಲ್ಲೇ "ಏನವ್ವೋ" ಎಂದು ಕೂಗಿಕೊಂಡು ಬಂದ. ಕೆಂಚಿ ಅವನ ದನಿಗೇ ಅರ್ಧ ಕುಸಿದಿತ್ತು. ಅವನು ಬಂದು ಎರಡು ಕೈಯಲ್ಲೂ ಅದರ ತಲೆ ಹಿಡಿದು, ಮುಖಕ್ಕೆ ಮುಖ ಕೊಟ್ಟು, "ಏನ್ ಕೆಂಚಮ್ಮ" ಎಂದ. ಅವನ ಬಿಳಿ ಪಂಚೆಯ ಅಂಚು, ಹೊಸ ಚಪ್ಪಲಿ, ಚಪ್ಪಲಿಯೊಳಗಿನ ಕಾಲು, ಮೂರೂ ಒದ್ದೆಯಾದವು.

"ತ್ವಾಟದ ನಾಯಿ ಕಣ್ಲಾ ಇದು. ಇದರವ್ವ ಅಂದಿ ಅಟ್ಟಿಸ್ಕಂಡು ಓಗ್ತಿತ್ತು," ಅಣ್ಣ ಒಂದು ಕಾಲಿನಲ್ಲಿ ನಿಂತು ಹೇಳಿದ. "ಏನ್ ಮಾಡಿದ್ದೀಯ ಇದಕ್ಕೆ? ನೋಟ್ಸ್ ಓದ್ಸಿದ್ದೀಯಾ?"

"ಇನ್ನೂ ಚಿಕ್ಕದು ಅಣ್ಣ."

"ಈ ಸಲ ಇರೀಕ್ರ ಅಬ್ಬ ನಿಮ್ಮನೇಲಿ ತಾನೆ? ಬತ್ತೀನಿ. ಸರಪಳಿ ತತ್ತೀನಿ. ಅವತ್ತೂ ಇಂಗೇ ಉಯ್ದ್ರೆ ತ್ವಾಟಕ್ಕೆ ಕರ್ಕಂಡೋಗಿ ಮಟ್ಟೆ ರಾಶಿ ತಾವ ಕಟ್ಟಾಕ್ತೀನಿ. ನಾಲ್ಕ್ ದಿನಕ್ಕೆ ಧೈರ್ಯ ತಾನಾಗೇ ಬತ್ತದೆ."

ಅವ್ವ ಇದಕ್ಕೆ ತಲೆಯಾಡಿಸಿದಳು. ಹಿರಿಯರ ಹಬ್ಬದಲ್ಲಿ ಹಜಾರದ ನೆಲದ ಮೇಲೆ ಬಾಳೆಲೆ ಹಾಕಿ, ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಆ ನೆಲದ ಮೇಲೆ ಉಚ್ಚೆಯಾದರೆ ಅವ್ವನ ಪ್ರಕಾರ ಹಿರಿಯರು ಇನ್ನೊಂದು ವರ್ಷ ಹಸಿದುಕೊಂಡಿರುತ್ತಾರೆ. ಅವತ್ತು ನಾಯಿಯನ್ನು ಬಚ್ಚಲಲ್ಲಿ ಕೂಡಿಹಾಕೋಣ ಎಂದೆ. ಹಿರಿಯರು ಬರುವ ಹೊತ್ತಿಗೆ ಮನೆಯೊಳಗೆ ನಾಯಿ ಊಳಿಟ್ಟರೆ ಅದಕ್ಕಿಂತ ಕೇಡು ಇನ್ನೊಂದಿಲ್ಲ ಎಂದಳು.

ಅಣ್ಣ ಹೇಳದೆ ಬಿಟ್ಟ ಒಂದು ಮಾತಿತ್ತು. ತೋಟದಲ್ಲಿ ಉಳಿದಿದ್ದ ಕೆಂಚಿಯ ಇಬ್ಬರು ಒಡಹುಟ್ಟಿದವರನ್ನು ಆ ಮಳೆಗಾಲದಲ್ಲಿ ಒಂದಾದ ಮೇಲೊಂದು ಚಿರತೆ ಎತ್ತಿಕೊಂಡು ಹೋಗಿತ್ತು. ಅವೆರಡನ್ನೂ ಕಟ್ಟಿದ್ದದ್ದು ಮಟ್ಟೆ ರಾಶಿಯ ಹತ್ತಿರವೇ. ಇದು ನನಗೆ ಅತ್ತಿಗೆಯಿಂದ ಗೊತ್ತಾಗಿತ್ತು. ಹಬ್ಬಕ್ಕೆ ಇನ್ನೂ ಐದು ವಾರ ಇತ್ತು. ಆರು ಎಂದು ಮಂಗಳ.

ಮರುದಿನವೇ ಪಶುವೈದ್ಯರ ಹತ್ತಿರ ಓಡಿದೆವು. ಡಾಕ್ಟರು ಅರಕಲಗೂಡಿನ ಕಡೆಯ ಹುಡುಗಿ, ನನ್ನ ವಿದ್ಯಾರ್ಥಿನಿಯಾಗಿರಬಹುದಾದ ವಯಸ್ಸು. ಮೂತ್ರ ಪರೀಕ್ಷೆ ಮಾಡಿಸಿ, ಹೊಟ್ಟೆ ಒತ್ತಿ ನೋಡಿ, "ಸೋಂಕಿಲ್ಲ ಸಾ, ಕಲ್ಲಿಲ್ಲ" ಎಂದರು. ನಾನು ಸ್ನಾಯುವಿನ ದೌರ್ಬಲ್ಯದ ಬಗ್ಗೆ ಹೇಳತೊಡಗಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೇನೂ ಇಲ್ಲ. ಇದು ನಿಮಗೆ ಅಡ್ಡಬೀಳ್ತಾ ಐತೆ, ಅಷ್ಟೆಯ" ಎಂದರು.

ನಾನು ಕೆಂಚಿಯ ಕಡೆ ನೋಡಿದೆ.

"ನೀನು ದೊಡ್ಡೋನು, ನಾನು ಸಣ್ಣೋಳು, ಹೊಡೀಬ್ಯಾಡ ಅಂತ ನಾಯಿಭಾಷೇಲಿ ಹೇಳೋದು ಹಿಂಗೇ ಸಾ. ನೀವು ಬೈದ್ರೆ, ಓ ಇವರಿಗೆ ಇನ್ನೂ ಸಮಾಧಾನ ಆಗ್ಲಿಲ್ಲ ಅಂತ ಇನ್ನೊಂಚೂರು ಬಿಡ್ತದೆ. ಬೇಕಂತ ಮಾಡ್ತಿಲ್ಲ. ಅದಕ್ಕೆ ಗೊತ್ತೇ ಆಗಲ್ಲ."

ಮದ್ದು ಸುಲಭವಾಗಿತ್ತು, ಕೇಳುವುದಕ್ಕೆ. ಮನೆಗೆ ಬಂದಾಗ ನಾಯಿಯನ್ನು ನೋಡಬಾರದು, ಮಾತಾಡಿಸಬಾರದು, ಮೇಲಿನಿಂದ ಬಗ್ಗಬಾರದು. ಬಂದವರು ಸೀದಾ ತಮ್ಮ ಕೆಲಸ ನೋಡಿಕೊಳ್ಳಬೇಕು. ಅದಕ್ಕೆ ಸಮಾಧಾನವಾಗಿ ತಾನೇ ಹತ್ತಿರ ಬಂದರೆ ಪಕ್ಕಕ್ಕೆ ತಿರುಗಿ ಕೂತು, ಗದ್ದದ ಕೆಳಗೆ ಮೆಲ್ಲಗೆ ಮುಟ್ಟಬೇಕು. ಒದ್ದೆಯಾದರೆ ಸದ್ದಿಲ್ಲದೆ ಒರೆಸಿಬಿಡಬೇಕು. "ಒಂದು ವರ್ಷ ತುಂಬೋ ಹೊತ್ತಿಗೆ ಎಷ್ಟೋ ನಾಯಿ ತಾವೇ ಬಿಡ್ತವೆ," ಡಾಕ್ಟರು ಹೇಳಿದರು. ನಮಗೆ ಅಷ್ಟು ಪುರುಸೊತ್ತಿರಲಿಲ್ಲ.

ಆದರೆ ನಮ್ಮ ಕಡೆ ಮನೆಗೆ ಬರುವುದು ಎಂದರೇನು ಎಂದು ನಿಮಗೆ ಗೊತ್ತಿರಬೇಕು. ಗೇಟಿನಲ್ಲೇ ಕೂಗಬೇಕು. ಒಳಗಿನಿಂದ ಮರುಕೂಗು ಬರಬೇಕು. "ಬಂದ್ಯಾ" ಎಂದು ಅವರು ಕೇಳಬೇಕು, ಎದುರಿಗೇ ನಿಂತು "ಬಂದೆ" ಎಂದು ನಾವು ಹೇಳಬೇಕು. ಮುಖ ನೋಡಬೇಕು, ಕೈಯಲ್ಲಿನ ಚೀಲ ಇಸಿದುಕೊಳ್ಳಬೇಕು, ಬಿಸಿಲಿನ ಬಗ್ಗೆ ಒಂದು ಮಾತಾಗಬೇಕು. ಕೂಗದೆ ಒಳಗೆ ಬಂದವನನ್ನು ಅವ್ವ ಇವತ್ತಿಗೂ "ಯಾಕ್ಲಾ, ಮೈ ಉಸಾರಿಲ್ವ" ಎಂದು ಹಣೆ ಮುಟ್ಟಿ ನೋಡುತ್ತಾಳೆ. ಡಾಕ್ಟರು ಬರೆದುಕೊಟ್ಟದ್ದು ನಾಯಿಗೆ ಮದ್ದಲ್ಲ, ನಮ್ಮ ಇಡೀ ವಂಶಕ್ಕೆ ಬಾಯಿಕಟ್ಟು. ಎರಡು ವಾರ ಪ್ರಯತ್ನಿಸಿದೆವು. ನಾನು ಗೇಟಿನಲ್ಲಿ ಬಾಯಿ ಮುಚ್ಚಿಕೊಂಡು ಬಂದರೆ ಒಳಗಿನಿಂದ ಅವ್ವ, "ಯಾರದು, ಯಾಕೆ ಕೂಗ್ಲಿಲ್ಲ" ಎಂದು ನನಗಿಂತ ಜೋರಾಗಿ ಕೂಗುತ್ತಿದ್ದಳು. ನಡುವೆ ಕೆಂಚಿ ಇಬ್ಬರಿಗೂ ಅಡ್ಡಬೀಳುತ್ತಿತ್ತು.

ಆಮೇಲೆ ಹೊಳೆನರಸೀಪುರದಲ್ಲಿ ಮಂಗಳನ ದೂರದ ಮಾವ ಒಬ್ಬರು ತೀರಿಕೊಂಡರು. ನಾವಿಬ್ಬರೂ ಹೋಗಿ ಮಣ್ಣು ಮುಗಿಸಿಕೊಂಡು ಮಧ್ಯಾಹ್ನ ಬಂದೆವು. ಸಾವಿನ ಮನೆಯಿಂದ ಬರುವವರಿಗೆ ಬೇರೆಯೇ ಕ್ರಮ. ಕೂಗುವ ಹಾಗಿಲ್ಲ. ಯಾರೂ ಎದುರುಗೊಳ್ಳುವ ಹಾಗಿಲ್ಲ. ಮುಖ ತಗ್ಗಿಸಿ, ಮನೆಯ ಪಕ್ಕದಿಂದ ಹಿತ್ತಲಿಗೆ ಬಳಸಿ ಹೋಗಿ, ಯಾರನ್ನೂ ಮುಟ್ಟದೆ, ಮಾತಾಡದೆ, ನಲ್ಲಿಯ ಹತ್ತಿರ ಕೂತು ಕೈಕಾಲು ತೊಳೆದು ನೇರ ಬಚ್ಚಲಿಗೆ. ಅವ್ವ ಗೊತ್ತಿದ್ದೇ ಕೋಣೆ ಸೇರಿಕೊಂಡಿದ್ದಳು. ನಾವು ಹಿತ್ತಲ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದೆವು. ಕೆಂಚಿ ಬಂತು. ಸ್ವಲ್ಪ ದೂರ ನಿಂತಿತು. ನಮ್ಮಿಬ್ಬರಿಗೂ ಅದರ ನೆನಪೇ ಇರಲಿಲ್ಲ. ಮಂಗಳ ಆ ಮಾವ ಚಿಕ್ಕಂದಿನಲ್ಲಿ ತನಗೆ ಈಜು ಕಲಿಸಲು ಹೊಳೆಗೆ ತಳ್ಳಿದ್ದನ್ನು ನೆನೆಯುತ್ತಿದ್ದಳಂತೆ. ಕೆಂಚಿ ಬಂದು ಅವಳ ಮೊಣಕೈ ಮೂಸಿತು, ನನ್ನ ಬೆನ್ನು ಮೂಸಿತು, ಪಕ್ಕದಲ್ಲಿ ಕೂತು ಆಕಳಿಸಿತು.

ಅದು ಕೂತಿದ್ದ ಕಡೆ ಸಿಮೆಂಟು ಒಣಗಿಯೇ ಇತ್ತು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮಾತಾಡುವ ಹಾಗಿರಲಿಲ್ಲ. ಸ್ನಾನವಾಗುವ ತನಕ ಆ ಖುಷಿಯನ್ನು ಬಾಯಲ್ಲೇ ಇಟ್ಟುಕೊಂಡಿದ್ದೆವು.

ಮರುದಿನದಿಂದ ನಾನು ಕಾಲೇಜಿನಿಂದ ಸಾವಿನ ಮನೆಯಿಂದ ಬಂದವನಂತೆ ಬರತೊಡಗಿದೆ. ತಲೆ ತಗ್ಗಿಸಿ, ಹಿತ್ತಲಿನಿಂದ, ಮೌನವಾಗಿ, ನಲ್ಲಿಯ ಹತ್ತಿರ. ಮಂಗಳ ಅಂಗಡಿಗೆ ಹೋಗಿ ಬಂದರೂ ಹಾಗೇ. ಒಂದು ದಿನ ಒಣ, ಎರಡನೆಯ ದಿನ ಒಣ, ಮೂರನೆಯ ದಿನ ನಾನು ಖುಷಿಗೆ ತಿರುಗಿ ನೋಡಿಬಿಟ್ಟದ್ದರಿಂದ ಒದ್ದೆ, ನಾಲ್ಕನೆಯ ದಿನ ಮತ್ತೆ ಒಣ. ನಾಲ್ಕನೆಯ ದಿನ ಸಂಜೆ ಎದುರುಮನೆಯ ಜಾನಕಮ್ಮ ಬಂದರು. ರುದ್ರಪಟ್ಟಣದ ಕಡೆಯವರು, ನಿವೃತ್ತ ಸಂಗೀತದ ಮೇಡಂ. ಮಾತನ್ನೂ ಮೆಲ್ಲಗೆ ಎಳೆದು ಆಡುವವರು. ಕೈಯಲ್ಲಿ ಮೂರು ಡಬ್ಬಿಯ ಕ್ಯಾರಿಯರ್ ಇತ್ತು.

"ಕೇಳ್ಬಾರ್ದು ಅಂತ ಎರಡು ದಿನ ಸುಮ್ನಿದ್ದೆ," ಎಂದರು. "ದಿನಾ ಹಿಂದ್ಗಡೆಯಿಂದ ಬರ್ತೀರಿ, ಮಾತಿಲ್ಲ, ಕಥೆಯಿಲ್ಲ. ಒಬ್ಬರಾದ್ಮೇಲೆ ಒಬ್ಬರು ಹೋಗ್ತಿದ್ದಾರೇನೋ ಅನ್ಸ್ತು. ಒಲೆ ಹಚ್ಚಿರಲ್ಲ ಪಾಪ. ಅನ್ನ, ಸಾರು, ಒಂದಿಷ್ಟು ಹುರುಳಿಕಾಯಿ ಪಲ್ಯ ಇದೆ."

ಯಾರೂ ಹೋಗಿಲ್ಲ, ನಾಯಿ ಉಚ್ಚೆ ಹೊಯ್ಯಬಾರದು ಅಂತ ಹೀಗೆ, ಎಂದು ಆಗಲೇ ಹೇಳಬೇಕಾಗಿತ್ತು. ಅವರ ಕಣ್ಣಿನಲ್ಲಿ ನೀರು ನಿಂತಿತ್ತು. ನಾನು ತಲೆ ತಗ್ಗಿಸಿದೆ. ಕ್ಯಾರಿಯರ್ ಇಸಿದುಕೊಂಡೆ. ಸಾರು ತುಂಬ ಚೆನ್ನಾಗಿತ್ತು, ನಾನು ಎರಡು ಸಲ ಹಾಕಿಸಿಕೊಂಡೆ. ಮಂಗಳ ಮರುದಿನ ಹೋಗಿ ನಿಜ ಹೇಳಿ ಬಂದಳು. ಅವರು ನಕ್ಕು, ಮುಂದಿನ ಸಲ ಬರುವಾಗ ತಾವೂ ಹಿತ್ತಲಿನಿಂದಲೇ ಬರುವುದಾಗಿ ಹೇಳಿದರಂತೆ.

ಅವ್ವ ನಗಲಿಲ್ಲ. "ಬದುಕಿರೋರ ಮನೇಗೆ ಸಾವಿನೂಟ ಬಂತು. ನೀನು ಎಲ್ಡು ಸಲ ಉಂಡೆ," ಎಂದಳು. "ದಿನಾ ಅಂಗೆ ಬಂದ್ರೆ ಅದು ನಿಜವಾಗೇ ಇಂದೆ ಬತ್ತದೆ. ಇನ್ಮೇಲೆ ಮುಂದ್ಲಗಡೆಯಿಂದ ಬಾ. ಕೂಗ್ಕಂಡು ಬಾ. ನಾಯಿ ಓದ್ರೆ ಓಯ್ತದೆ."

ಹಬ್ಬಕ್ಕೆ ಆಗ ಹನ್ನೊಂದು ದಿನ. ಕೆಲಸ ಮಾಡುವ ಮದ್ದು ಒಂದೇ ಇತ್ತು, ಅದಕ್ಕೂ ಬೀಗ ಬಿತ್ತು.

ಮರುದಿನ ಬೆಳಿಗ್ಗೆಯೋ ಅದರ ಮರುದಿನವೋ ಅವ್ವ ಅಡುಗೆಮನೆಯಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಾನು ಬಾಗಿಲಲ್ಲಿ ಕೂತೆ. ಅಪ್ಪನ ಮಾತು ಹೇಗೆ ಬಂತೋ ತಿಳಿಯದು. ಅಪ್ಪನದು ಕಿರ್ರೆನ್ನುವ ಚರ್ಮದ ಮೆಟ್ಟು. ಅವನು ಚನ್ನರಾಯಪಟ್ಟಣದ ಸಂತೆಯಿಂದ ಬಸ್ಸಿಳಿದು ಬರುವಾಗ ಬೀದಿಯ ತಿರುವಿನಲ್ಲೇ ಆ ಸದ್ದು ಕೇಳುತ್ತಿತ್ತು. ಅಪ್ಪ ಹೊಡೆಯುತ್ತಿದ್ದದ್ದು ಕಡಿಮೆ. ಬಂದವನು ಎದುರಿಗೆ ನಿಂತು, ಮೇಲಿನಿಂದ ನೋಡಿ, "ಏನ್ಲಾ" ಎನ್ನುತ್ತಿದ್ದ. ಅಷ್ಟೇ. ನನಗೆ ಆರೋ ಏಳೋ ವರ್ಷ. ಚಡ್ಡಿಯೊಳಗೆ ಬೆಚ್ಚಗೆ ಇಳಿಯುತ್ತಿದ್ದದ್ದು, ಹೊಸಲಿನ ಮೇಲೆ ನಿಂತ ಕಾಲಿನ ಸುತ್ತ ಅದು ಹರಡುತ್ತಿದ್ದದ್ದು, ನಾನು ನಾಚಿಕೆಗೆ ನಗುತ್ತಿದ್ದದ್ದು, ಎಲ್ಲ ಸ್ಪಷ್ಟವಾಗಿ ನೆನಪಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಅವ್ವನಿಗೆ ಹೇಳಿದೆ.

"ಅದು ನೀನಾ, ನಿಮ್ಮಣ್ಣನಾ," ಅವ್ವ ಮೊರ ನಿಲ್ಲಿಸದೆ ಕೇಳಿದಳು.

"ನಾನೇ ಅವ್ವ."

"ನಿಮ್ಮಣ್ಣ ಓದ್ ವರ್ಷ ಅದು ನಾನೇ ಅಂತ ಯೋಳ್ದ. ಇಂಗೇ, ಅಲ್ಲೇ ಕುಂತ್ಕಂಡು. ಯಾರು ಅಂತ ನೆಪ್ಪು ಮಡಿಕ್ಕಳಾನ? ಇಬ್ರೂ ಉಯ್ಕತಿದ್ರಿ."

ಇಷ್ಟು ದೊಡ್ಡ ದನಿಯ ಅಣ್ಣ. ನನ್ನ ಅತಿ ಗುಟ್ಟಿನ ನೆನಪು ಅವನ ಹತ್ತಿರವೂ ಇತ್ತು, ಅದೇ ಹೊಸಲು, ಅದೇ ಚಡ್ಡಿ. ನಾನು ನಿಜವಾಗಿ ಉಚ್ಚೆ ಹೊಯ್ದುಕೊಂಡವನೋ, ಅಥವಾ ಪಕ್ಕದಲ್ಲಿ ನಿಂತು ಅಣ್ಣನನ್ನು ನೋಡಿದ್ದವನೋ? ಇವತ್ತಿಗೂ ತೀರ್ಮಾನಿಸಲಾರೆ. ಕಾಲಿಗೆ ಬೆಚ್ಚಗೆ ಹತ್ತಿದ್ದು ನೆನಪಿದೆ, ಆದರೆ ಪಕ್ಕದಲ್ಲಿ ನಿಂತಿದ್ದವನ ಕಾಲಿಗೂ ಅದು ಹತ್ತಿರಬಹುದಲ್ಲ.

"ನೀನೇನ್ ಮಾಡ್ತಿದ್ದೆ?" ಎಂದು ಕೇಳಿದೆ.

"ಏನ್ ಮಾಡಾನ? ನಿಮ್ಮಪ್ಪಂಗೆ ಕಾಲ್ ತೊಳೆಯಾಕೆ ಚೊಂಬು ತತ್ತಿದ್ನಲ್ಲ, ಎಡವಿದಂಗೆ ಮಾಡಿ ಅಲ್ಲೇ ಚೆಲ್ಬುಡ್ತಿದ್ದೆ. ಕಣ್ಣು ಕಾಣಲ್ವ ನಿಂಗೆ ಅಂತ ನನ್ನ ಬೋಯ್ಕಂಡು ಒಳೀಕೆ ಓಗೋನು."

ಮೊರ ನಿಂತಿತು. ಅವ್ವ ಬಾಗಿಲಾಚೆ ನೋಡಿದಳು. ಕೆಂಚಿ ಹಿತ್ತಲಲ್ಲಿ ಬೆನ್ನು ಮಾಡಿ ಮಲಗಿತ್ತು. ಅವಳು ಏನು ಯೋಚಿಸಿದಳೆಂದು ನಾನು ಬರೆಯುವುದಿಲ್ಲ, ನನಗೆ ಗೊತ್ತಿಲ್ಲ. ನನ್ನ ಕಡೆ ತಿರುಗಿ, "ಸಾವಿನ ಮನೆಯಿಂದ ಬರೋರು ಕೈಯಾಗೆ ಏನಾರ ಇಡ್ಕಂಡು ಬತ್ತಾರಾ?" ಎಂದು ಕೇಳಿದಳು.

"ಇಲ್ಲ, ಬರೀಗೈಯಲ್ಲಿ ಬರೋದು."

"ಅಂಗಾದ್ರೆ ಕೈಯಾಗೆ ಏನಾರ ಇಡ್ಕಂಡು ಬಾ. ಸೊಪ್ಪೋ, ಹೂವೋ. ಆಗ ಅದು ಸಾವಿನ ಮನೆಯಿಂದ ಬಂದಂಗೆ ಆಗಕಿಲ್ಲ."

ಹೀಗೆ ಕೊತ್ತಂಬರಿ ಸೊಪ್ಪಿನ ದಿನಗಳು ಶುರುವಾದವು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವುದೂ ಅದೇ, ಹಿಡಿದರೆ ಕಾಣುವುದೂ ಅದೇ. ನಾನು ದಿನಾ ಒಂದು ಕಟ್ಟು ಕೊತ್ತಂಬರಿಯನ್ನು ಎದೆಯ ಮುಂದೆ ಹಿಡಿದು, ಮೌನವಾಗಿ, ಹಿತ್ತಲಿನಿಂದ ಮನೆ ಸೇರುತ್ತಿದ್ದೆ. ಮಂಗಳ ಒಂದು ಕಟ್ಟು. ಸಾರಿಗೆ, ಚಿತ್ರಾನ್ನಕ್ಕೆ, ಚಟ್ನಿಗೆ, ಕೊನೆಗೆ ಕೊತ್ತಂಬರಿಯದೇ ಪಲ್ಯಕ್ಕೆ. ಒಂದು ಸಂಜೆ ನಾನು ಬಂದಾಗ ಅವ್ವ ಹಿತ್ತಲ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ನನ್ನ ಸದ್ದಿಗೆ ತಿರುಗದೆ ಕೈ ಮಾತ್ರ ಎತ್ತಿ ತಡೆದಳು. "ಸುಮ್ಕೆ ಬಾ," ಎಂದಳು, ಅವಳಿಂದ ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ. "ನನ್ನ ಇಂದೆ ಕುಂತದೆ." ಕೆಂಚಿ ಅವಳ ಸೆರಗಿನ ಮೇಲೆ ಗದ್ದ ಇಟ್ಟುಕೊಂಡಿತ್ತು.

ಹಬ್ಬದ ಹೊತ್ತಿಗೆ ನಮ್ಮ ಮೂವರ ಮುಂದೆ ಕೆಂಚಿ ಒಂದು ವಾರದಿಂದ ಒಣ. ಆದರೆ ಹಬ್ಬಕ್ಕೆ ಬರುವವರು ನಾವು ಮೂವರಲ್ಲ. ಅಣ್ಣನ ಜೀಪಿನಲ್ಲಿ ಮತ್ತು ಅದರ ಹಿಂದಿನ ಕಾರಿನಲ್ಲಿ ಹನ್ನೊಂದು ಜನ ಬಂದಿಳಿದರು. ಡ್ರೈವರ್ ಪಕ್ಕದ ಸೀಟಿನ ಮೇಲೆ ಸುರುಳಿ ಸುತ್ತಿದ ಹೊಸ ಸರಪಳಿ ಇತ್ತು. ಅಣ್ಣ ಗೇಟಿಗೆ ಕೈ ಹಾಕಿ, ಎದೆ ತುಂಬ ಗಾಳಿ ಎಳೆದುಕೊಂಡ. ಕೂಗು ಹೊರಡುವ ಮೊದಲೇ ಅವ್ವ ಅವನ ಕೈಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಟ್ಟಳು.

"ಏನವ್ವ ಇದು?"

"ಇಡ್ಕ. ಇತ್ಲಿಂದ ಬಾ. ಬಾಯ್ ಮುಚ್ಕಂಡು ಬಾ."

"ನನ್ನ ತಮ್ಮನ ಮನೇಗೆ ನಾನು ಕಳ್ಳನಂಗೆ ಇತ್ಲಿಂದ ಬರ್ಬೇಕಾ? ಸೊಪ್ಪಿಡ್ಕಂಡು?"

"ನಾಯಿ ನೋಡಬ್ಯಾಡ. ಅದರ ತಲೆ ಮೇಕೆ ಬಗ್ಗಬ್ಯಾಡ. ನೀನು ನಿಮ್ಮಪ್ಪ ಅಲ್ಲ ಕಣ್ಲಾ, ಅಂಗೆ ನಿಂತ್ಕಬ್ಯಾಡ."

ಅಣ್ಣ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಇಬ್ಬರಲ್ಲಿ ಒಬ್ಬರ ಮುಖ ಕೆಂಪಾಯಿತು. ನನ್ನದಿರಬೇಕು, ಅವನದು ಎಂದು ಮಂಗಳ. ಅವನು ಸೊಪ್ಪನ್ನು ಎದೆಯ ಮುಂದೆ ಹಿಡಿದುಕೊಂಡು ಓಣಿಯ ಕಡೆ ತಿರುಗಿದ.

ಅವ್ವ ಮಿಕ್ಕವರಿಗೂ ಒಂದೊಂದು ಕಟ್ಟು ಹಂಚಿದಳು. ಹನ್ನೊಂದು ಜನ ಸಾಲಾಗಿ, ಹೊಸ ಪಂಚೆ, ಹೊಸ ಸೀರೆಗಳಲ್ಲಿ, ಎದೆಯ ಮುಂದೆ ಕೊತ್ತಂಬರಿ ಹಿಡಿದು, ತುಟಿ ಬಿಚ್ಚದೆ ಮನೆಯ ಪಕ್ಕದ ಓಣಿಯಲ್ಲಿ ನಡೆದುಹೋದರು. ಎದುರುಮನೆಯ ಜಗಲಿಯಲ್ಲಿ ಜಾನಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಗುವುದಕ್ಕೋ ಅಳುವುದಕ್ಕೋ ಅವರಿಗೂ ನಿರ್ಧಾರವಾಗಿರಲಾರದು.

ಕೆಂಚಿ ಹಜಾರದ ಮಧ್ಯೆ ನಿಂತಿತ್ತು. ಒಬ್ಬೊಬ್ಬರೇ ಒಳಗೆ ಬಂದು ಗೋಡೆ ನೋಡುತ್ತಾ ಕೂತರು. ಅಣ್ಣ ನಾಯಿಗೆ ಬೆನ್ನು ಮಾಡಿ ಮೆಲ್ಲಗೆ ಕೂರುವಾಗ ಅವನ ಎರಡೂ ಮಂಡಿಗಳು ಸದ್ದು ಮಾಡಿದವು. ಆ ಮೌನದಲ್ಲಿ ಅದೇ ದೊಡ್ಡ ಸದ್ದು. ಕೆಂಚಿ ಕಿವಿ ಹಿಂದಕ್ಕೆ ಹಾಕಿತು. ಕಾದಿತು. ಯಾರೂ ಏನೂ ಮಾಡಲಿಲ್ಲ. ಅದು ಒಂದು ಹೆಜ್ಜೆ ಬಂತು, ಇನ್ನೊಂದು ಬಂತು, ಅಣ್ಣನ ಕತ್ತಿನ ಹಿಂದೆ ಮೂಗಿಟ್ಟಿತು.

"ಏನ್ ಮಾಡ್ತಾ ಅದೆ?" ಅಣ್ಣ ತುಟಿ ಅಲ್ಲಾಡಿಸದೆ ಕೇಳಿದ.

"ಮೂಸ್ತಾ ಇದೆ."

"ನೆಲ?"

"ಒಣ."

"ಕಿವಿ ನೆಕ್ತಾ ಅದೆ ಕಣ್ಲಾ," ಎಂದ ಅಣ್ಣ. ಅವನ ದನಿ ಅಷ್ಟು ಸಣ್ಣಗೆ ಬರುತ್ತದೆಂದು ಅತ್ತಿಗೆಗೂ ಗೊತ್ತಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಗೆಲುವು ನಮ್ಮದೇ. ಆದರೆ ಎಡೆ ಇಡುವುದು ಬಾಕಿ ಇತ್ತು. ಅಪ್ಪನ ಫೋಟೋ ಮುಂದೆ ಐದು ಎಲೆ ಹಾಕಿದೆವು. ಹೊಸ ಪಂಚೆ, ಸೀರೆ, ಮುದ್ದೆ, ಕಜ್ಜಾಯ, ಬಾಡಿನ ಸಾರು, ಅಪ್ಪನಿಗೆ ಇಷ್ಟವಾದ ಹುರಿದ ಕುರಿ ಈಲಿ, ಅಂದರೆ ಲಿವರ್. ಊದುಬತ್ತಿ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಊದುಬತ್ತಿ ಉರಿದು ಮುಗಿಯುವಷ್ಟು ಹೊತ್ತು ಹೊರಗೇ ನಿಲ್ಲಬೇಕು, ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಹನ್ನೊಂದು ಜನ ಮತ್ತು ನಾವು ಮೂವರು ಜಗಲಿಯಲ್ಲಿ ನಿಂತೆವು. ಮಂಗಳ ಸುತ್ತಲೂ ನೋಡಿ, "ಕೆಂಚಿ ಎಲ್ಲಿ?" ಎಂದಳು.

ನಾನು ಬಾಗಿಲಿಗೆ ಕೈ ಹಾಕಿದೆ.

"ತೆಗೀಬ್ಯಾಡ," ಅವ್ವ ಹೇಳಿದಳು.

"ಒಳಗೆ ಒಂದೇ ಇದೆ ಅವ್ವ. ಎಡೆ ಇದೆ."

"ತೆಗೀಬಾರ್ದು ಅಂದ್ರೆ ತೆಗೀಬಾರ್ದು."

ಅಣ್ಣ ಬಾಗಿಲಿಗೆ ಕಿವಿ ಇಟ್ಟ. ತುಂಬ ಹೊತ್ತು ಕೇಳಿಸಿಕೊಂಡು, "ಎಲೆ ಸದ್ದು," ಎಂದ.

"ಯಾರು ಉಣ್ತಾವ್ರೆ ಅಂತ ನಿಂಗೇನ್ ಗೊತ್ತು," ಎಂದಳು ಅವ್ವ. ಆದರೆ ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಎಲೆಯ ಸದ್ದು ಅವಳಿಗೆ ಚಿಂತೆಯಲ್ಲ, ನನಗೂ ಅಲ್ಲ. ಬಾಗಿಲು ತೆಗೆದಾಗ ಆ ಐದು ಎಲೆಗಳ ನಡುವೆ ನೆಲ ಹೇಗಿರುತ್ತದೆ ಎನ್ನುವುದೇ ಚಿಂತೆ. ಜೀಪು ಅಲ್ಲೇ ನಿಂತಿತ್ತು.

ಬಾಗಿಲು ತಟ್ಟಿ ತೆಗೆದೆವು. ಅಪ್ಪನ ಎಲೆಯ ಮುಂದೆ ಕೆಂಚಿ. ಈಲಿ ಇಲ್ಲ. ಮಿಕ್ಕ ನಾಲ್ಕು ಎಲೆ ಮುಟ್ಟಿಲ್ಲ. ಅಣ್ಣ ಎಲ್ಲ ಮರೆತ. ಅವ್ವ ಹೇಳಿದ್ದು, ಸೊಪ್ಪು, ಮೌನ, ಎಲ್ಲ. ಮೂರೇ ಹೆಜ್ಜೆಗೆ ಹೋಗಿ, ಅದರ ಎದುರಿಗೇ ಉದ್ದಕ್ಕೆ ನಿಂತು, ತಲೆಯ ಮೇಲೆ ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು, ತೋಟದ ದನಿಯಲ್ಲಿ, "ಏಯ್ ಕೆಂಚೀ, ನಮ್ಮಪ್ಪನ ಈಲಿ ತಿಂದ್ಬುಟ್ಯಾ" ಎಂದ. ಡಾಕ್ಟರು ಮಾಡಬಾರದು ಎಂದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಮಾಡಿದ. ಫೋಟೋದ ಗಾಜು ಕಂಪಿಸಿತು.

ಕೆಂಚಿಯ ಕಿವಿಗಳು ಹಿಂದಕ್ಕೆ ಹೋದವು. ಹಿಂಗಾಲುಗಳು ಮಡಚತೊಡಗಿದ್ದನ್ನು ನಾನು ನೋಡಿದೆ. ಮಡಚಿ, ಅರ್ಧಕ್ಕೆ ನಿಂತವು. ಅದು ಅಣ್ಣನ ಮುಖವನ್ನೇ ನೋಡುತ್ತಿತ್ತು; ಸ್ವಲ್ಪ ಮೊದಲು ತಾನು ನೆಕ್ಕಿದ ಕಿವಿ ಅಲ್ಲೇ ಇತ್ತು. ಹಿಂಗಾಲುಗಳು ನೆಟ್ಟಗಾದವು. ನಾಲಿಗೆಯನ್ನು ಬಾಯಿಯ ಎರಡೂ ಬದಿಗೆ ಒಂದು ಸಲ ಸುತ್ತಿಸಿ, ಬಾಲ ಅಲ್ಲಾಡಿಸಿತು.

"ಒಣಾನಾ?" ಅಣ್ಣ ಅಲುಗದೆ ಕೇಳಿದ.

ಅವ್ವ ಬಗ್ಗಿ ನೆಲಕ್ಕೆ ಅಂಗೈ ಇಟ್ಟಳು. ಎಲೆಯ ಆಚೆ ಇಟ್ಟಳು, ಈಚೆ ಇಟ್ಟಳು, ಕೆಂಚಿಯ ಹೊಟ್ಟೆಯ ಕೆಳಗೆ ಇಟ್ಟಳು. "ಒಣ ಕಣ್ಲಾ. ನಿಮ್ಮಪ್ಪ ಬಂದು ಉಂಡ್ಕಂಡೂ ಓದ."

ಅಣ್ಣ ನಂಬಲಿಲ್ಲ. ಮಂಡಿಯೂರಿ ತಾನೂ ಮುಟ್ಟಿ ನೋಡಿದ. ಮುಟ್ಟಿದ ಕೈಯನ್ನು ಮೂಸಿ ನೋಡಿದ. "ಇಲ್ಲೇ ಇರ್ಲಿ ಬುಡು," ಎಂದ. "ಆ ಸರಪಳಿ ಗೇಟಿಗಾದ್ರೂ ಆಯ್ತದೆ." ಅತ್ತಿಗೆ ಬಗ್ಗಿ ನೋಡಿದಳು. ಮಂಗಳ ನೋಡಿದಳು, ನಾನು ನೋಡಿದೆ. ಅಣ್ಣನ ಅಳಿಯ, ಸೊಸೆ, ಇನ್ನುಳಿದವರೆಲ್ಲ ಅಂಗೈ ಊರಿ ನೆಲ ತಡವಿದರು. ಇಲ್ಲ, ಬಗ್ಗಿದ್ದು ನಾಲ್ಕೇ ಜನ, ಉಳಿದವರು ಬಾಗಿಲಲ್ಲೇ ನಿಂತು ನಗುತ್ತಿದ್ದರು ಎಂದು ಮಂಗಳ ಹೇಳುತ್ತಾಳೆ. ಇರಬಹುದು. ಅವಳ ನೆನಪು ಅವಳಿಗಿರಲಿ. ನಾನು ಒಬ್ಬರನ್ನೂ ಏಳಿಸುವುದಿಲ್ಲ. ಹೊಸ ಬಟ್ಟೆಯ ಹದಿನಾಲ್ಕು ಜನ ಹಜಾರದ ತುಂಬ ಕೈ ಮಂಡಿ ಊರಿ ನೆಲಕ್ಕೆ ಬಗ್ಗಿದ್ದಾರೆ, ನಮ್ಮ ನಡುವೆ ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಂತು, ತಲೆ ಎತ್ತಿ, ಮೂತಿಗೆ ಹತ್ತಿದ ಮಸಾಲೆ ನೆಕ್ಕಿಕೊಳ್ಳುತ್ತಿರುವವಳು ಕೆಂಚಿ ಒಬ್ಬಳೇ.